ಎರಡನೆಯ ಟಿಕೆಟು

ಇದನ್ನು ಬರೆಯಲು ಕೂತದ್ದು ಇದು ಮೊದಲ ಸಲವಲ್ಲ. ಮದುವೆಯಾಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಮದುವೆಯಾಯಿತು. ಮಕ್ಕಳು ದೊಡ್ಡವರಾಗಲಿ ಎಂದೆ. ಅವರು ದೊಡ್ಡವರಾಗಿ ಅವರಿಗೂ ಮಕ್ಕಳಾದವು. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆಯುವುದು ಸುಲಭ ಎಂದೆ. ಪೊರೆ ತೆಗೆಸಿ ಎರಡು ವರ್ಷವಾಯಿತು. ಈಗ ಎಲ್ಲವೂ ಬೇಕಾದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಮುಂದೂಡುವ ಕೆಲಸದಲ್ಲಿ ನನ್ನಷ್ಟು ಶ್ರದ್ಧೆ ಇರುವವರು ಈ ಜಿಲ್ಲೆಯಲ್ಲಿ ಇನ್ನೊಬ್ಬರು ಇರಲಾರರು.

ಕಳೆದ ತಿಂಗಳು ಕಾರ್ಕಳದಲ್ಲಿ ಒಂದು ಮದುವೆಯೂಟ ಮುಗಿಸಿ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಂಡಕ್ಟರ್ ಬಂದು "ಅಜ್ಜ, ಎಲ್ಲಿಗೆ?" ಎಂದ.

"ಕಾಪುವಿಗೆ ಎರಡು" ಎಂದೆ.

ಅವನು ನನ್ನ ಪಕ್ಕದ ಖಾಲಿ ಸೀಟನ್ನು ನೋಡಿದ. ಹಿಂದೆ ನೋಡಿದ, ಮುಂದೆ ನೋಡಿದ. "ಇನ್ನೊಬ್ಬರು ಎಲ್ಲಿ ಅಜ್ಜ?"

ನಾಲಿಗೆ ತಪ್ಪಿತು ಮಾರಾಯ, ಒಂದೇ ಕೊಡು ಎಂದು ಹೇಳಬಹುದಿತ್ತು. ಹೇಳಲಿಲ್ಲ. "ಇದ್ದಾರೆ, ಕೊಡು" ಎಂದೆ. ಅವನು ಎರಡು ಟಿಕೆಟು ಹರಿದು ಕೊಟ್ಟು, ಈ ಅಜ್ಜನ ಮನೆಯವರು ಇವರನ್ನು ಒಬ್ಬರೇ ಯಾಕೆ ಬಿಡುತ್ತಾರೋ ಎನ್ನುವ ಮುಖ ಮಾಡಿ ಮುಂದೆ ಹೋದ.

ದೊಡ್ಡವರ ಬದುಕಿನಲ್ಲಿ ಆದದ್ದು ಹೋದದ್ದು ಪೇಪರಿನಲ್ಲಿ ಬರುತ್ತದೆ. ನನ್ನಂಥವನ ಬದುಕಿನ ದೊಡ್ಡ ಸಂಗತಿಗಳೆಂದರೆ ಮೊದಲ ಸಲ ಒಬ್ಬನೇ ಅಂಗಡಿಗೆ ಹೋದದ್ದು, ಮೊದಲ ಸಲ ಕೈಗಡಿಯಾರ ಕಟ್ಟಿದ್ದು, ಮೊದಲ ಸಲ ಒಬ್ಬರು ನನ್ನನ್ನು "ನೀವು" ಎಂದದ್ದು, ಮೊದಲ ಸಲ ಒಂದು ಮದುವೆಯಲ್ಲಿ ನನ್ನನ್ನು ಹಿರಿಯನೆಂದು ಕುರ್ಚಿಯಲ್ಲಿ ಕೂರಿಸಿದ್ದು. ಇದರಲ್ಲಿ ಅಂಗಡಿಯದೊಂದು ಬಿಟ್ಟು ಉಳಿದದ್ದೆಲ್ಲ ಒಂದೇ ವರ್ಷದಲ್ಲಿ ಆಯಿತು.

ಅಂಗಡಿಯದನ್ನು ಮೊದಲು ಹೇಳಿಬಿಡುತ್ತೇನೆ. ಆರು ವರ್ಷವಾಗಿದ್ದಾಗ ಅಮ್ಮ ಕೈಯಲ್ಲಿ ಕುಪ್ಪಿ ಕೊಟ್ಟು ಚಿಮಿಣಿ ಎಣ್ಣೆ ತಾ ಎಂದು ಕಳಿಸಿದಳು. ಕಾಪು ಪೇಟೆಯ ದಾರಿಯುದ್ದಕ್ಕೂ "ಚಿಮಿಣಿ ಎಣ್ಣೆ, ಚಿಮಿಣಿ ಎಣ್ಣೆ" ಎಂದು ಜಪಿಸುತ್ತಾ ಹೋದೆ. ನಡುವೆ ಒಂದು ತೋಡು ಹಾರುವಾಗ ಚಿಮಿಣಿ ನೀರಿಗೆ ಬಿತ್ತು. ಅಂಗಡಿಗೆ ತಲಪಿದಾಗ ಬಾಯಲ್ಲಿ ಎಣ್ಣೆ ಮಾತ್ರ ಉಳಿದಿತ್ತು. ಅಂಗಡಿಯವರು ತೆಂಗಿನೆಣ್ಣೆ ತುಂಬಿಸಿ ಕೊಟ್ಟರು. "ಚಿಮಿಣಿ ಎಣ್ಣೆ ಮುಗಿದಿದೆಯಂತೆ, ಇದನ್ನೇ ಕೊಂಡುಹೋಗು ಅಂದರು" ಎಂದು ಅಮ್ಮನಿಗೆ ಹೇಳಿದೆ. ನೆನಪಿರುವ ಮಟ್ಟಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಅಮ್ಮ ನಂಬಿದಳು. ನಂಬಬಾರದಿತ್ತು.

ಅಮ್ಮ ಇನ್ನೊಂದು ಪಾಠವನ್ನೂ ಕಲಿಸಿದ್ದಳು. ಹೊರಗಿನಿಂದ ಯಾರಾದರೂ ಕರೆದರೆ ಒಂದನೇ ಕರೆಗೆ "ಓ" ಎನ್ನಬಾರದು. ಮನುಷ್ಯರಾದರೆ ಎರಡನೆಯ ಸಲ ಕರೆಯುತ್ತಾರೆ. ಕುಲೆ ಒಂದೇ ಸಲ ಕರೆಯುವುದು. ಸತ್ತು ಇನ್ನೂ ದಾರಿ ಕಾಣದೆ ಇರುವವರಿಗೆ ತುಳುವಿನಲ್ಲಿ ಕುಲೆ ಎನ್ನುತ್ತೇವೆ. ಹೀಗಾಗಿ ನಮ್ಮ ಮನೆಗೆ ಬಂದ ನೆಂಟರೆಲ್ಲ ಅಂಗಳದಲ್ಲಿ ನಿಂತು ಎರಡೆರಡು ಸಲ ಕೂಗಬೇಕಾಗುತ್ತಿತ್ತು. ಒಂದೇ ಸಲ ಕೂಗುವ ಸಂಕೋಚದವರು ಬಂದರೆ ಹಾಗೆಯೇ ತಿರುಗಿ ಹೋಗಬೇಕಾಗುತ್ತಿತ್ತೋ ಏನೋ. ಆಗ ಅದು ನನಗೆ ಹೊಳೆದಿರಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ, ಅಮ್ಮ ತೀರಿಕೊಂಡ ಮೇಲೆ, ಹತ್ತೊಂಬತ್ತರ ವಯಸ್ಸಿನಲ್ಲಿ ನನಗೆ ಮಣಿಪಾಲದಲ್ಲಿ ಕೆಲಸ ಸಿಕ್ಕಿತು. ಆಗಿನ ಮಣಿಪಾಲ ಎಂದರೆ ಬೋಳು ಗುಡ್ಡ, ಮುರಕಲ್ಲು, ಮುಳಿಹುಲ್ಲು. ಅಲ್ಲೊಂದು ಇಲ್ಲೊಂದು ಕಟ್ಟಡ ಏಳುತ್ತಿತ್ತು. ಕಲ್ಲು ಹೊರುವವರ ಹಾಜರಿ ಬರೆಯುವವನು ನಾನು. ಎಲ್ಲರೂ "ರೈಟ್ರೇ" ಎನ್ನುತ್ತಿದ್ದರು. ನನ್ನ ಶಾಲೆಯ ಹೆಸರನ್ನು ಕೇಳಿದವರಿಲ್ಲ. ಮನೆಯಲ್ಲಿ ನನ್ನನ್ನು ಬೋಜ ಎಂದು ಕರೆಯುತ್ತಾರೆ ಎಂಬುದಂತೂ ಆ ಗುಡ್ಡದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹಾಗೆ ಕರೆಯುವವರಲ್ಲಿ ಆಗ ಉಳಿದಿದ್ದವಳು ಕಾಪುವಿನ ದೊಡ್ಡಮ್ಮ ಒಬ್ಬಳೇ.

ಕೆಲಸದವರಿಗೆ ಗಂಜಿ ಬೇಯಿಸಿ ಹಾಕುತ್ತಿದ್ದವಳು ಕಲ್ಯಾಣಿಯಕ್ಕ. ಕಾರ್ಕಳದ ಹತ್ತಿರದವಳು, ಗಂಡನಿಲ್ಲ. ನನ್ನನ್ನು ಮೊದಲು "ನೀವು" ಎಂದವಳು ಅವಳೇ. ಒಂದು ಮಧ್ಯಾಹ್ನ ಗಂಜಿ ಬಡಿಸುತ್ತಾ ಕೇಳಿದಳು.

"ರೈಟ್ರೇ, ನೀವು ಕಾಪುವಿನವರು ಅಲ್ವಾ? ಅಲ್ಲಿ ಸತ್ತ ಹುಡುಗ ಯಾರಾದರೂ ಉಂಟಾ?"

ಬಾಯಲ್ಲಿದ್ದ ಗಂಜಿ ಮೂಗಿಗೆ ಹತ್ತಿತು.

"ಮದುವೆಗೆ" ಎಂದಳು ಅವಳು, ನಾನು ಕೆಮ್ಮಿ ಮುಗಿಸುವವರೆಗೆ ಕಾದು.

ಅವಳ ಹಿರಿಮಗಳು ನಾಲ್ಕು ವರ್ಷದವಳಿದ್ದಾಗ ಜ್ವರದಲ್ಲಿ ಹೋಗಿದ್ದಳು. ನಮ್ಮಲ್ಲಿ ಸತ್ತವರಿಗೂ ವಯಸ್ಸಾಗುತ್ತದೆ. ಅವಳಿಗೆ ಈಗ ಇಪ್ಪತ್ತು. ಕಿರಿಯವಳು ವಾರಿಜಳಿಗೆ ಬಂದ ಸಂಬಂಧಗಳೆಲ್ಲ ಬಾಗಿಲ ತನಕ ಬಂದು ಹಿಂದೆ ಹೋಗುತ್ತಿದ್ದವು. ಜೋಯಿಸರಲ್ಲಿ ಪ್ರಶ್ನೆ ಇಟ್ಟು ನೋಡಿದಾಗ, ಅಕ್ಕ ನಿಂತಿರುವಾಗ ತಂಗಿ ಹೇಗೆ ದಾಟುತ್ತಾಳೆ ಎಂದು ಬಂತಂತೆ. ಹಾಗಾಗಿ ಮೊದಲು ಅಕ್ಕನಿಗೆ ಗಂಡು ಹುಡುಕಬೇಕು. ಕುಲೆಗೆ ಕುಲೆಯೇ ಗಂಡು. ಇಂಥ ಮದುವೆ ಆಟಿಯಲ್ಲಿ, ಮಳೆಗಾಲದಲ್ಲಿ ಮಾಡುವುದು ರೂಢಿ. ಆದರೆ ವಾರಿಜಳನ್ನು ನೋಡಲು ಇನ್ನೊಂದು ಕಡೆಯವರು ಬರುವುದರಲ್ಲಿದ್ದರು. ಅದೂ ತಪ್ಪಿಹೋದರೆ ಮತ್ತೆ ಯಾರೂ ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂಬ ಹೆದರಿಕೆ ಕಲ್ಯಾಣಿಯಕ್ಕನಿಗೆ.

"ಲೈಟ್‌ಹೌಸಿನ ಹತ್ತಿರ ಒಂದು ಮನೆಯಲ್ಲಿ ಹುಡುಗ ಹೋಗಿದ್ದಾನೆ ಅಂತ ನನ್ನ ತಮ್ಮ ಕೇಳಿ ಬಂದಿದ್ದಾನೆ. ನೀವು ಶನಿವಾರ ಊರಿಗೆ ಹೋಗುವಾಗ ಒಂದು ಮಾತು ವಿಚಾರಿಸಿ. ಒಳ್ಳೆ ಮನೆತನ ಆಗಿರಬೇಕು. ಕುಡಿಯುವವನು ಬೇಡ."

"ಸತ್ತವನು ಹೇಗೆ ಕುಡಿಯುತ್ತಾನೆ ಕಲ್ಯಾಣಿಯಕ್ಕ?"

"ಸತ್ತರೆ ಅಭ್ಯಾಸ ಹೋಗುತ್ತದಾ?"

ಶನಿವಾರ ಹೋದೆ. ಮನೆ ಸಿಕ್ಕಿತು. ಅಂಗಳ ಗುಡಿಸುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ "ಎಂತ ಬೇಕಿತ್ತು?" ಎಂದಳು. ನಿಮ್ಮ ಮನೆಯಲ್ಲಿ ಸತ್ತವರು ಯಾರಾದರೂ ಮದುವೆಗೆ ಇದ್ದಾರಾ ಎಂದು ಹೇಗೆ ಕೇಳುವುದು, ನೀವೇ ಹೇಳಿ. ಅದೂ ಹತ್ತೊಂಬತ್ತರ ವಯಸ್ಸಿನಲ್ಲಿ, ಮೀಸೆ ಸರಿಯಾಗಿ ಬಾರದೆ, ಹೊಸದಾಗಿ ಕಟ್ಟಿದ ಗಡಿಯಾರವನ್ನು ಅಂಗಿಯ ತೋಳಿನಿಂದ ಹೊರಗೆ ತೋರಿಸಿಕೊಂಡು. "ನೀರು" ಎಂದೆ. ಅವಳು ನೀರು ಬೆಲ್ಲ ತಂದಿಟ್ಟಳು. ಒಂದು ಚೆಂಬು ನೀರು ಪೂರ್ತಿ ಕುಡಿದು ಬಂದೆ.

ಸೋಮವಾರ ಕಲ್ಯಾಣಿಯಕ್ಕ ಗಂಜಿಯ ಸೌಟು ಹಿಡಿದುಕೊಂಡೇ ನಿಂತಿದ್ದಳು.

"ಉಂಟಾ?"

ಇಲ್ಲ ಎನ್ನಬಹುದಿತ್ತು, ನಾಚಿಕೆಯಾಯಿತು, ಕೇಳಲಿಲ್ಲ ಎನ್ನಬಹುದಿತ್ತು. "ಉಂಟು" ಎಂದೆ.

"ಹುಡುಗನ ಹೆಸರು?"

ಅಷ್ಟು ಬೇಗ ಹೆಸರು ಎಲ್ಲಿಂದ ತರುವುದು? ನಾಲಿಗೆಯ ತುದಿಯಲ್ಲಿ ಇದ್ದದ್ದು ಒಂದೇ. "ಬೋಜ" ಎಂದೆ. ಮನೆ ಹೇಗುಂಟು ಎಂದಳು. ದೊಡ್ಡಮ್ಮನ ಮನೆಯನ್ನು ವರ್ಣಿಸಿದೆ: ಸಮುದ್ರದ ಸದ್ದು ಕೇಳುವ ಮನೆ, ಅಂಗಳದಲ್ಲಿ ಹೊನ್ನೆ ಮರ. ಒಪ್ಪಿದರಾ ಎಂದಳು. ಒಪ್ಪಿದರು ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ, ತನಗೆಂದು ತೆಗೆದಿಟ್ಟಿದ್ದ ಹುರಿದ ಬಂಗುಡೆ ಮೀನನ್ನು ತಂದು ನನ್ನ ಬಟ್ಟಲಿಗೆ ಹಾಕಿದಳು. ಆ ಬಂಗುಡೆ ತಿಂದ ಮೇಲೆ ನಿಜ ಹೇಳುವ ಬಾಯಿ ಉಳಿಯಲಿಲ್ಲ.

ಗಂಡಿನ ಕಡೆಯಿಂದ ಮದುಮಗಳಿಗೆಂದು ಉಡುಪಿಯಲ್ಲಿ ಒಂದು ಸೀರೆ ಕೊಂಡೆ. ಹಸಿರು ಮೈ, ಕೆಂಪು ಅಂಚು. ಒಬ್ಬ ಹೆಣ್ಣಿಗೆಂದು ನಾನು ಆರಿಸಿದ ಮೊದಲ ಸೀರೆ. ಗಂಡಿನ ಕಡೆಯ ಹಿರಿಯರಿಗೆ ಕಾಲು ನೋವು, ಸಂಬಂಧದವನೆಂದು ನನ್ನನ್ನೇ ಕಳಿಸಿದ್ದಾರೆ ಎಂದು ಹೇಳಿಕೊಂಡು ಒಬ್ಬನೇ ಕಾರ್ಕಳಕ್ಕೆ ಹೋದೆ. ಸುಡುವ ಬಿಸಿಲಿನ ನಡು ಮಧ್ಯಾಹ್ನ. ಚಪ್ಪರ ಇತ್ತು, ಮಾವಿನ ಎಲೆಯ ತೋರಣ ಇತ್ತು, ಓಲಗ ಮಾತ್ರ ಇರಲಿಲ್ಲ. ನನಗೆ ಕುರ್ಚಿ ಹಾಕಿದರು. ನನಗಿಂತ ಮೂರು ಪಟ್ಟು ವಯಸ್ಸಿನವರು ಎದ್ದು ಕೈಮುಗಿದರು. ಕುತ್ತಿಗೆ ನೆಟ್ಟಗೆ ಮಾಡಿ ಕೂತೆ. ಆ ಹೊತ್ತಿಗೆ ನನಗೆ ಖುಷಿಯೇ ಆಗಿತ್ತು ಎಂಬುದನ್ನು ಮುಚ್ಚಿಡಲಾರೆ.

ಎರಡು ಮಣೆ. ಒಂದರ ಮೇಲೆ ಸೀರೆ, ಬಳೆ, ಬಾಚಣಿಗೆ, ಕನ್ನಡಿ. ಇನ್ನೊಂದರ ಮೇಲೆ ಪಂಚೆ. ಧಾರೆಯ ಹೊತ್ತಿಗೆ ಕಲ್ಯಾಣಿಯಕ್ಕನ ತಮ್ಮ "ಗಂಡಿನ ಬದಲು ನೀವು ಕೈ ಒಡ್ಡಿ" ಎಂದ. ಸೀರೆಯ ಸೆರಗನ್ನು ನನ್ನ ಅಂಗೈಯಲ್ಲಿ ಇಟ್ಟರು. ಚೆಂಬಿನಿಂದ ನೀರು ಬಿಟ್ಟರು. ಅಂಥ ಸೆಕೆಯಲ್ಲಿ, ಬೆಳಗ್ಗಿನಿಂದ ಅಂಗಳದಲ್ಲೇ ಇದ್ದ ಚೆಂಬಿನ ನೀರು, ಬಾವಿಯ ತಳದ ನೀರಿನ ಹಾಗೆ ಕೊರೆಯಿತು. "ಬೋಜನಿಗೆ ಕೊಟ್ಟಿದ್ದೇವೆ" ಎಂದು ಅವನು ಗಟ್ಟಿಯಾಗಿ ಹೇಳಿದ.

"ಓ" ಎಂದೆ.

ಬಾಯಿಯಿಂದ ಹೇಗೆ ಬಂತೋ ಗೊತ್ತಿಲ್ಲ. ಒಂದನೇ ಕರೆಗೇ ಓಗೊಟ್ಟಿದ್ದೆ. ಜನ ಅದೂ ಶಾಸ್ತ್ರವೆಂದು ತಿಳಿದು ತಲೆದೂಗಿದರು.

ಊಟವಾದ ಮೇಲೆ ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಕಟ್ಟಿ, ಮೇಲೆ ಒಂದು ಚೆಂಡು ಮಲ್ಲಿಗೆ ಮುಡಿಸಿ, ಕಲ್ಯಾಣಿಯಕ್ಕ ಗಂಟನ್ನು ನನ್ನ ಕೈಗೆ ಕೊಟ್ಟಳು. ಮದುಮಗಳನ್ನು ಗಂಡನ ಮನೆಗೆ ಕರೆದುಕೊಂಡು ಹೋಗಬೇಕಲ್ಲ! ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

"ದಾರಿಯಲ್ಲಿ ಎಲ್ಲಿ ಹತ್ತಿದರೂ, ಎಲ್ಲಿ ಇಳಿದರೂ, ಹೆಸರು ಹಿಡಿದು ಕರೆಯಿರಿ" ಎಂದಳು. "ಹೆಸರು ಹಿಡಿದು ಕರೆಯದಿದ್ದರೆ ಅವಳು ಏಳುವುದಿಲ್ಲ. ಕೂತಲ್ಲೇ ಇರುತ್ತಾಳೆ. ಚಿಕ್ಕವಳಿದ್ದಾಗಲೂ ಹಾಗೆಯೇ."

ಅಂಗಳದಲ್ಲಿ ಎಲ್ಲರ ಮುಂದೆ ಹೆಸರು ಹಿಡಿದು "ಬಾ, ಮನೆಗೆ ಹೋಗುವ" ಎಂದು ಕರೆದೆ. ವಾರಿಜ ಕಂಬಕ್ಕೆ ಒರಗಿ ಅಳುತ್ತಿದ್ದಳು.

ಕಲ್ಯಾಣಿಯಕ್ಕನ ತಮ್ಮ ಬಸ್ಸಿನ ತನಕ ಬಂದು ಎರಡು ಟಿಕೆಟು ತೆಗೆದ. "ಮದುಮಗಳು ಬಿಟ್ಟಿ ಹೋದಳು ಅಂತ ಆಗಬಾರದು" ಎನ್ನುತ್ತಾ ಒಂದನ್ನು ಗಂಟಿನ ಮಡಿಕೆಯಲ್ಲಿ ಸಿಕ್ಕಿಸಿದ. ಗಂಟು ಕಿಟಕಿಯ ಪಕ್ಕ ಕೂತಿತು, ಅದರ ಪಕ್ಕ ನಾನು. ಬಸ್ಸು ತುಂಬಿತ್ತು. ಹಿರಿಯಡ್ಕದಲ್ಲಿ ಹತ್ತಿದ ಒಬ್ಬರು ಬ್ಯಾರಿ ಸಾಹುಕಾರರು "ಆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ ಮಾರಾಯ್ರೇ" ಎಂದರು. ಕಂಡಕ್ಟರ್ ಅವರ ಕಿವಿಯಲ್ಲಿ ಏನೋ ಹೇಳಿದ. ಅವರು ಮಲ್ಲಿಗೆಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದು, ಮೆಲ್ಲಗೆ "ಮದುಮಗಳಾ? ಕೂತುಕೊಳ್ಳಲಿ, ಕೂತುಕೊಳ್ಳಲಿ" ಎಂದರು. ಅಲ್ಲಿಂದ ಮುಂದೆ ನಮ್ಮ ಸೀಟಿನ ಸುತ್ತ ಯಾರೂ ನಿಲ್ಲಲಿಲ್ಲ. ಅಷ್ಟು ಜನರ ನಡುವೆ ನಾವಿಬ್ಬರೇ.

ಪರ್ಕಳ ದಾಟಿ ಬಸ್ಸು ಗುಡ್ಡ ಹತ್ತತೊಡಗಿತು. ಬಿಸಿಲು ಇಳಿಯುತ್ತಿತ್ತು. ಒಂದೊಂದು ತಿರುವಿಗೂ ಗಂಟು ನನ್ನ ಕಡೆಗೆ ವಾಲುತ್ತಿತ್ತು. ವಾಲಿದ್ದು ಮತ್ತೆ ನೆಟ್ಟಗಾಗುತ್ತಿತ್ತು. ಬಟ್ಟೆಯ ಗಂಟು ವಾಲುವುದು ಸರಿ. ತಾನಾಗಿ ನೆಟ್ಟಗಾಗುವುದು ಹೇಗೆ? ಒಳಗೆ ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಬಸ್ಸು ಅಲ್ಲಾಡಿದಾಗ ಅಲ್ಲ, ಬಸ್ಸು ನಿಂತಾಗ. ಇದನ್ನು ಕಾಪುವಿಗೆ ಕೊಂಡುಹೋಗಿ ನಾನು ಮಾಡುವುದಾದರೂ ಏನು? ದೊಡ್ಡಮ್ಮನಿಗೆ ಏನೆಂದು ಹೇಳುವುದು? ಮಣಿಪಾಲ ಬಂತು. ಎದ್ದೆ. ತಿರುಗಿ ನೋಡಲಿಲ್ಲ, ಕರೆಯಲಿಲ್ಲ. ಜನರನ್ನು ಸರಿಸಿಕೊಂಡು ಕೆಳಗೆ ಹಾರಿದೆ.

ಬಸ್ಸು ಹೊರಟಿತು. ಕಿಟಕಿಯಲ್ಲಿ ಮಲ್ಲಿಗೆ ಕಾಣುತ್ತಿತ್ತು. ನೆಟ್ಟಗೆ ಕೂತಿತ್ತು.

ಮುಂದಿನ ಶನಿವಾರ ಉಡುಪಿಯಿಂದ ಅದೇ ಬಸ್ಸಿನಲ್ಲಿ ಕಾಪುವಿಗೆ ಹೋದೆ. ಉಡುಪಿಯಲ್ಲಿ ಕಂಡಕ್ಟರ್ ಬದಲಾಗುತ್ತಾನೆ. ಈ ಕಡೆಯವನಿಗೆ ಏನೂ ಗೊತ್ತಿರಲಾರದು ಎಂದು ಧೈರ್ಯ ಮಾಡಿ, ಹೋದ ವಾರ ಬಸ್ಸಿನಲ್ಲಿ ಒಂದು ಬಿಳಿ ಗಂಟು ಸಿಕ್ಕಿತಾ ಎಂದು ಕೇಳಿದೆ.

"ಮಲ್ಲಿಗೆ ಇಟ್ಟದ್ದಾ? ಅದರ ಹುಡುಗಿ ತೆಗೆದುಕೊಂಡು ಹೋದಳಲ್ಲ."

"ಯಾವ ಹುಡುಗಿ?"

"ನನಗೆಂತ ಗೊತ್ತು ಮಾರಾಯ! ಹೊಸ ಸೀರೆ, ಮಡಿಕೆಯ ಗೆರೆ ಕೂಡ ಹೋಗಿರಲಿಲ್ಲ. ಟಿಕೆಟ್ ಕೇಳಿದೆ, ತೋರಿಸಿದಳು, ಕಾರ್ಕಳದ್ದು. ಕಾಪು ಬಂದರೂ ಏಳಲಿಲ್ಲ. ಎಲ್ಲರೂ ಇಳಿದರು, ಇವಳು ಕೂತೇ ಇದ್ದಾಳೆ, ಯಾರೋ ಕರೆಯುತ್ತಾರೆ ಅಂತ ಕಾದ ಹಾಗೆ. ಕಡೆಗೆ ನಾನೇ, ಇಳಿ ತಂಗಿ, ಬಸ್ಸು ಇಲ್ಲಿಗೇ ಅಂದೆ."

ಸೀರೆಯ ಬಣ್ಣ ಯಾವುದೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಇವತ್ತಿಗೂ ಅದನ್ನು ಕೇಳದಿದ್ದದ್ದೇ ಒಳ್ಳೆಯದೆಂದು ಒಮ್ಮೆ ಅನಿಸುತ್ತದೆ, ಕೇಳಬೇಕಿತ್ತೆಂದು ಒಮ್ಮೆ.

ಮನೆಗೆ ಹೋದರೆ ದೊಡ್ಡಮ್ಮ ಅಕ್ಕಿ ಅರೆಯುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು. "ಹೋದ ವಾರ ನಿನ್ನನ್ನು ಕೇಳಿಕೊಂಡು ಯಾರೋ ಬಂದಿದ್ದರು ಬೋಜ. ಹೆಂಗಸಿನ ಸ್ವರ. ಇದು ಬೋಜರ ಮನೆಯಾ ಅಂತ."

"ನೀವು ಎಂತ ಹೇಳಿದಿರಿ?"

"ಎಂತ ಹೇಳುವುದು? ಒಂದೇ ಸಲ ಕೇಳಿದ್ದು. ಒಂದನೇ ಕರೆಗೆ ಯಾರಾದರೂ ಓ ಎನ್ನುತ್ತಾರಾ? ಇನ್ನೊಮ್ಮೆ ಕರೆಯಲಿ ಅಂತ ಕಾದೆ. ಕರೆಯಲಿಲ್ಲ."

ಕಾಪುವಿನಲ್ಲಿ ಬೋಜರು ಹತ್ತು ಮಂದಿ ಇದ್ದಾರು. ಹೊಸ ಸೀರೆ ಉಟ್ಟವರು ನೂರು ಮಂದಿ ಇದ್ದಾರು. ನನಗೆ ನಾನೇ ಹೀಗೆ ಹೇಳಿಕೊಂಡದ್ದಕ್ಕೆ ಲೆಕ್ಕವಿಲ್ಲ. ಆ ರಾತ್ರಿ ಮಾತ್ರ ಹೊನ್ನೆ ಮರದ ಕಡೆಯ ಕಿಟಕಿ ಮುಚ್ಚಿ ಮಲಗಿದೆ.

ಪ್ರತಿ ಸೋಮವಾರ ಕಲ್ಯಾಣಿಯಕ್ಕ ಕೇಳುತ್ತಿದ್ದಳು. "ಹೋಗಿದ್ದಿರಾ ರೈಟ್ರೇ? ಹೇಗಿದ್ದಾಳಂತೆ?" "ಸುಖ ಉಂಟು" ಎನ್ನುತ್ತಿದ್ದೆ. ಆಟಿ ತಿಂಗಳಲ್ಲಿ ಮಗಳ ಮನೆಗೆಂದು ಪತ್ರೊಡೆ ಕಟ್ಟಿ ಕೊಟ್ಟಳು. ಉದ್ಯಾವರ ದಾಟುವುದರೊಳಗೆ ಅದನ್ನು ನಾನೇ ತಿಂದೆ. ರುಚಿಯಾಗಿತ್ತು ಎಂದು ಸೋಮವಾರ ಹೇಳಿದೆ. ಆ ಒಂದು ಮಾತು ಸುಳ್ಳಲ್ಲ.

ವಾರಿಜಳ ಸಂಬಂಧ ಕೂಡಿಬಂತು. ಮರುವರ್ಷದ ಬೇಸಿಗೆಯಲ್ಲಿ ಮದುವೆ. ಬೀಗರ ಕಡೆಯವನೆಂದು ನನಗೆ ಮತ್ತೆ ಕುರ್ಚಿ. ಈ ಸಲ ಓಲಗ ಇತ್ತು, ಮಕ್ಕಳ ಗಲಾಟೆ ಇತ್ತು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಅಕ್ಕ ಭಾವನಿಗೆಂದು ಎರಡು ಎಲೆ ಹಾಕಿ, ಜಾಗ ಖಾಲಿ ಬಿಟ್ಟು ಬಡಿಸಿದ್ದರು. ಇಂದು ಹೇಳಿಬಿಡುತ್ತೇನೆ, ಮದುವೆ ಮುಗಿಯಿತಲ್ಲ, ಇನ್ನು ಕೆಡುವುದೇನಿಲ್ಲ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದೆ. ಕಲ್ಯಾಣಿಯಕ್ಕ ಪಾಯಸದ ಪಾತ್ರೆ ಹಿಡಿದು ಬಂದು ನನ್ನ ಮುಂದೆ ಕೂತಳು.

"ಕಲ್ಯಾಣಿಯಕ್ಕ, ಒಂದು ಮಾತು" ಎಂದೆ.

"ನಾನೂ ಒಂದು ಮಾತು ಹೇಳಬೇಕು ಅಂತ ಇದ್ದೆ. ನಿನ್ನೆ ಕನಸಿನಲ್ಲಿ ದೊಡ್ಡವಳು ಬಂದಿದ್ದಳು. ಹೊನ್ನೆ ಮರದ ಅಡಿಯಲ್ಲಿ ಕೂತಿದ್ದಾಳೆ. ಹೇಗಿದ್ದಿ ಮಗಾ ಅಂದೆ. ಸುಖ ಉಂಟಮ್ಮ ಅಂದಳು. ಅವರು ಒಂದು ಸಲವೂ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಅದಕ್ಕೆ ಇಲ್ಲೇ ಹೊರಗೆ ಕೂತಿದ್ದೇನೆ ಅಂದಳು." ಕಲ್ಯಾಣಿಯಕ್ಕ ನಕ್ಕಳು. "ಗಂಡಸರೆಲ್ಲ ಹಾಗೆಯೇ, ಅಲ್ವಾ ರೈಟ್ರೇ? ನೀವೆಂತ ಹೇಳಲಿಕ್ಕಿದ್ದದ್ದು?"

"ಪಾಯಸ ಒಳ್ಳೆಯದಾಗಿದೆ" ಎಂದೆ.

ನನಗೂ ಮದುವೆಯಾಯಿತು. ಹೆಂಡತಿಯನ್ನು ಮಾತ್ರ ನಾನು ಯಾವಾಗಲೂ ಹೆಸರು ಹಿಡಿದೇ ಕರೆಯುತ್ತಿದ್ದೆ, ಅದೂ ಎರಡೆರಡು ಸಲ. ಬಸ್ಸಿನಿಂದ ಇಳಿಯುವಾಗ "ಸುಶೀಲಾ, ಇಳಿ. ಸುಶೀಲಾ" ಎಂದು ಎಲ್ಲರ ಎದುರು ಕೂಗಿದರೆ ಅವಳಿಗೆ ನಾಚಿಕೆ. "ನಾನೇನು ಕಿವುಡಿಯಾ?" ಎಂದು ಬೈಯುತ್ತಿದ್ದಳು. ಯಾಕೆ ಹಾಗೆ ಕರೆಯುತ್ತೇನೆಂದು ಅವಳಿಗೂ ಹೇಳದೆಯೇ ಅವಳನ್ನು ಮಸಣಕ್ಕೆ ಕಳಿಸಿಕೊಟ್ಟೆ.

ಕಲ್ಯಾಣಿಯಕ್ಕನಿಗೆ ಮಾತ್ರ ಕೊನೆಗೂ ಹೇಳಿದೆ. ಅವಳು ಹಾಸಿಗೆ ಹಿಡಿದಿದ್ದಾಗ ಕಾರ್ಕಳಕ್ಕೆ ಹೋಗಿ, ಬಾಗಿಲು ಹಾಕಿ, ನೀರು ಬೆಲ್ಲದಿಂದ ಹಿಡಿದು ಬಸ್ಸಿನವರೆಗೆ ಎಲ್ಲವನ್ನೂ ಹೇಳಿ ಅವಳ ಕಾಲು ಹಿಡಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು.

"ಬೋಜ ಅಂದರೆ ನೀವೇಯಾ?" ಎಂದಳು.

"ಹೌದು."

"ಹಾಗಾದರೆ ನನ್ನ ಹತ್ತಿರ ಎಂತಕ್ಕೆ ಹೇಳುತ್ತೀರಿ? ಕೈ ಹಿಡಿದವಳ ಹತ್ತಿರ ಹೇಳಿ. ಹೆಸರು ಹಿಡಿದು ಹೇಳಿ. ಇಲ್ಲದಿದ್ದರೆ ಅವಳಿಗೆ ಕೇಳುವುದಿಲ್ಲ."

ಅದಾಗಿಯೂ ಎಷ್ಟೋ ವರ್ಷವಾಯಿತು. ದೊಡ್ಡಮ್ಮನ ಮನೆಯಲ್ಲಿ ಈಗ ನಾನು, ಮಗ, ಸೊಸೆ, ಮೊಮ್ಮಕ್ಕಳು ಇದ್ದೇವೆ. ಹೊನ್ನೆ ಮರ ಹಾಗೆಯೇ ಉಂಟು. ಅದರ ಅಡಿಯಲ್ಲಿ ಮೊಮ್ಮಕ್ಕಳು ಆಡುತ್ತಾರೆ. ಒಂದು ಕಡೆಯನ್ನು ಮಾತ್ರ ಯಾಕೋ ಬಿಟ್ಟು ಆಡುತ್ತಾರೆ. ಯಾಕೆಂದು ನಾನು ಕೇಳಿಲ್ಲ. ಅವಳ ಹೆಸರನ್ನು, ಆ ಮಧ್ಯಾಹ್ನ ಅಂಗಳದಲ್ಲಿ ಕರೆದ ಮೇಲೆ, ಗಟ್ಟಿಯಾಗಿ ಹೇಳಿದ್ದೂ ಇಲ್ಲ, ಬರೆದದ್ದೂ ಇಲ್ಲ.

ಕಳೆದ ತಿಂಗಳ ಆ ಬಸ್ಸಿನಲ್ಲಿ ಹಿರಿಯಡ್ಕದಿಂದ ಜನ ತುಂಬಿದರು. ಸೊಂಟದಲ್ಲಿ ಮಗು ಎತ್ತಿಕೊಂಡವರು ಕೂಡ ನಿಂತರು. ನನ್ನ ಪಕ್ಕದ ಸೀಟಿನ ಕಡೆಗೆ ಬಂದವರೆಲ್ಲ ಒಮ್ಮೆ ನೋಡಿ, "ಓ, ಯಾರೋ ಇದ್ದಾರೆ" ಎನ್ನುವ ಹಾಗೆ ಮುಂದೆ ಹೋದರು. ಎರಡು ಟಿಕೆಟನ್ನೂ ನಾನು ಅಂಗೈಯಲ್ಲಿ ಹಿಡಿದುಕೊಂಡಿದ್ದೆ. ಅಂಗೈ ತಣ್ಣಗಿತ್ತು. ಕಾಪುವಿನಲ್ಲಿ ಎರಡನ್ನೂ ಕಿಸೆಗೆ ಹಾಕಿ ಎದ್ದೆ. ಈ ಸಲ ತಿರುಗಿ ನಿಂತೆ. ಬಾಯಿ ತೆರೆದೆ. "ಬೇಗ ಇಳಿಯಿರಿ ಅಜ್ಜ, ಹಿಂದೆ ಜನ ಉಂಟು" ಎಂದ ಕಂಡಕ್ಟರ್. ಅಷ್ಟು ಜನರ ಮುಂದೆ ನಾಚಿಕೆಯಾಯಿತು. ಇಳಿದೆ. ಅದೇ ನಾಚಿಕೆ, ಅದೇ ನಾನು. ಮನೆಗೆ ಬಂದು ಕಿಸೆ ನೋಡಿದರೆ ಟಿಕೆಟು ಒಂದೇ ಇತ್ತು.

ಹಾಗಾಗಿ ಇಲ್ಲಿ ಹೇಳುತ್ತಿದ್ದೇನೆ. ಮಗ ಸೊಸೆ ಕೆಲಸಕ್ಕೆ ಹೋಗಿದ್ದಾರೆ, ಕಿಟಕಿ ತೆರೆದಿದ್ದೇನೆ. ಅಂಗಳದಲ್ಲಿ ಬಿಸಿಲು. ತಪ್ಪಾಯಿತು. ಅಂದು ನಿನ್ನನ್ನು ಕರೆಯದೆ ಇಳಿದದ್ದು ತಪ್ಪಾಯಿತು. ಎಷ್ಟು ಹೊತ್ತು ಕೂತಿದ್ದೀಯೋ. ಏಳು, ಒಳಗೆ ಬಾ. ಮನೆ ಇದೇ, ಗುಲಾಬಿ.

ಗುಲಾಬಿ.